ಏಳನೇ ನಂಬರಿನ ಭಾಷಣಗಳು

ಫೆಬ್ರವರಿ ೩, ಸೋಮವಾರ

ಕೆಲಸಕ್ಕೆ ಸೇರಿದೆ. ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡ, ಮೂರನೇ ಮಹಡಿ. ಲಿಫ್ಟ್ ಕೆಟ್ಟು ನಿಂತಿದೆ. ಬಾಗಿಲ ಮೇಲಿನ ಬೋರ್ಡನ್ನು ಎರಡು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಇಲ್ಲಿ ಸಂಶೋಧನೆ ನಡೆಸುವ ಮೇಡಂ ಬಿಡಿಸಿ ಹೇಳಿದರು.

"ಉಗ್ರವಾದ ಅಂದ್ರೆ ಎಲ್ಲರೂ ಬಂದೂಕು ಅಂದ್ಕೋತಾರೆ. ಬಂದೂಕು ಬರೋದು ಕೊನೇಲಿ. ಮೊದಲು ಬರೋದು ಭಾಷಣ. ಯಾರು ಏನು ಹೇಳ್ತಾರೆ, ಜನ ಯಾವುದಕ್ಕೆ ತಲೆ ಆಡಿಸ್ತಾರೆ, ಯಾಕೆ ಆಡಿಸ್ತಾರೆ, ಅದನ್ನ ನಾವು ನೋಡ್ತಿರೋದು."

ಆ ಭಾಷಣಗಳನ್ನು ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಸಭೆಗಳಲ್ಲಿ ಯಾರೋ ಫೋನಿನಲ್ಲಿ ಹಿಡಿದು ತಂದವು. ಕಿವಿಗೆ ಹೆಡ್‌ಫೋನ್, ಕಾಲ ಕೆಳಗೆ ಪೆಡಲ್. ತುಳಿದರೆ ಮಾತು ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಮಾತನಾಡುವವರಿಗೆ ಹೆಸರಿಲ್ಲ, ನಂಬರು ಮಾತ್ರ. ಕೇಳಿದ್ದು ಹೊರಗೆ ಹೋಗಬಾರದೆಂದು ನಮ್ಮ ಫೋನುಗಳನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಾಕಿ ಒಳಗೆ ಬರಬೇಕು.

ನನ್ನ ಜೊತೆಗೆ ಇನ್ನೂ ಮೂವರಿಗೆ, ಪದವಿ ಓದಿದವರಿಗೆ, ಪರೀಕ್ಷೆ ಇಟ್ಟಿದ್ದರು. ಬೀದಿಯ ಬಿರುಸು ಮಾತು ಅವರ ಕೈಗೆ ಸಿಗಲಿಲ್ಲವಂತೆ.

"ಎಷ್ಟು ಓದಿದ್ದೀಯ?" ಮೇಡಂ ಕೇಳಿದರು.

"ನಾಲ್ಕನೇ ಕ್ಲಾಸು."

"ಟೈಪಿಂಗು?"

"ಕೊರಿಯರ್ ಆಫೀಸಲ್ಲಿ ವಿಳಾಸ ಹೊಡೀತಿದ್ದೆ."

"ಒಂದೇ ನಿಯಮ ನೋಡು. ಕೇಳಿಸಿದ್ದನ್ನ ಬರಿ. ಕೇಳಿಸದಿದ್ರೆ 'ಕೇಳಿಸಲಿಲ್ಲ' ಅಂತ ಬರಿ. ಊಹೆ ಮಾಡಿ ಒಂದಕ್ಷರ ಸೇರಿಸ್ಬೇಡ."

ನಾನು ತಲೆ ಆಡಿಸಿದೆ.

ಎದುರುಮನೆಯ ಕಾಜಾ ಅಕ್ಕ ಒಪ್ಪದಿದ್ದರೆ ಈ ಕೆಲಸವೇ ಇಲ್ಲ. ಅಮ್ಮನಿಗೆ ಲಕ್ವ ಹೊಡೆದು ಎರಡು ವರ್ಷ. ಬಲಗೈ ಬಲಗಾಲು ಏಳುವುದಿಲ್ಲ, ಮಾತು ತೊದಲು. ಮಧ್ಯಾಹ್ನ ಯಾರಾದರೂ ಕೂರಿಸಿ ತುತ್ತು ಕೊಡಬೇಕು, ಮಗ್ಗುಲು ಬದಲಿಸಬೇಕು. ಕಾಜಾ ಅಕ್ಕ ದರ್ಜಿಗಳಿಗೆ ಮನೆಯಲ್ಲೇ ಕಾಜಾ ಹೊಲಿದು ಗುಂಡಿ ಹಾಕಿಕೊಡುವವರು. ಹುಟ್ಟಿದ್ದು ಹೊಳೆಯಾಚೆ. ಆರು ವರ್ಷದವರಿದ್ದಾಗ ಇಲ್ಲಿಗೆ ಬಂದರಂತೆ, ಈಗ ಐವತ್ತರ ಹತ್ತಿರ. ಆಚೆಯ ಎಳೆ ಅವರ ಮಾತಿನಲ್ಲಿ ಸಿಟ್ಟು ಬಂದಾಗ ಮಾತ್ರ ಕೇಳಿಸುತ್ತದೆ. ನಮ್ಮ ಮನೆಯ ಇನ್ನೊಂದು ಬೀಗದ ಕೈಯನ್ನು ಬೆಳಿಗ್ಗೆ ಅವರಿಗೆ ಕೊಟ್ಟೆ.

"ಹೋಗೇ ಮೌನಗೌರಿ. ನೀನಲ್ಲಿ ಟೈಪು ಹೊಡಿ, ನಾವಿಲ್ಲಿ ಹರಟೆ ಹೊಡೀತೀವಿ" ಅಂದರು.

ಅಮ್ಮ ನಕ್ಕಳು. ಬಾಯಿಯ ಒಂದೇ ಬದಿ ನಗುತ್ತದೆ.

ಫೆಬ್ರವರಿ ೬, ಗುರುವಾರ

ನಾಲ್ಕು ಗಂಟೆಗೆ ಮೇಡಂ ಮತ್ತು ಸಂಶೋಧನೆ ಮಾಡುವವರೆಲ್ಲ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮನಸ್ಸಿನ ಡಾಕ್ಟರೊಬ್ಬರು ಬಂದಿದ್ದರು. ಪ್ರತಿ ಗುರುವಾರ ಬರುತ್ತಾರಂತೆ. ಮೇಡಂ ಕೈಕೆಳಗೆ ಓದುವ ಕನ್ನಡಕದಣ್ಣ ಒಳಗೆ ಹೋಗುತ್ತ, "ವಾರವೆಲ್ಲ ಈ ಕಸ ಕೇಳ್ತೀವಲ್ಲ, ತಲೇಲಿ ಉಳಿಯದ ಹಾಗೆ ಹೊರಗೆ ಹಾಕ್ಬೇಕು" ಅಂದ.

ನಾನೂ ಎದ್ದು ನಿಂತಿದ್ದೆ. ಪಕ್ಕದ ಮೇಜಿನಲ್ಲಿ ಟೈಪ್ ಮಾಡುವ ದೊಡ್ಡಮ್ಮ ಸೆರಗು ಹಿಡಿದು ಕೂರಿಸಿದರು. ಅವರನ್ನು ಇಲ್ಲಿ ಎಲ್ಲರೂ ಹಾಗೇ ಕರೆಯುವುದು.

"ಅದು ನಮಗಲ್ಲ ಕಣೆ."

"ನಾವೂ ಕೇಳ್ತೀವಲ್ಲ ದೊಡ್ಡಮ್ಮ."

"ನಾವೆಲ್ಲಿ ಕೇಳ್ತೀವಿ? ಬರೀ ಟೈಪ್ ಮಾಡ್ತೀವಿ. ಕಿವೀಲಿ ಬಂದು ಬೆರಳಲ್ಲಿ ಹೋಗತ್ತೆ. ತಲೆ ಮಧ್ಯ ಇಲ್ಲವೇ ಇಲ್ಲ."

ಇಬ್ಬರೂ ನಕ್ಕೆವು. ನಿಂತದ್ದನ್ನು ಯಾರಾದರೂ ನೋಡಿದರೋ ಏನೋ ಎಂದು ಸಂಜೆಯವರೆಗೂ ಮುಖ ಬಿಸಿಯಾಗಿತ್ತು.

ಫೆಬ್ರವರಿ ೧೨, ಬುಧವಾರ

ಏಳನೇ ನಂಬರು ನನ್ನ ಪಾಲಿಗೆ ಬಂದ. ಇವನದೇ ನಲವತ್ತು ಭಾಷಣಗಳಿವೆಯಂತೆ. ಒಂದರಿಂದ ಆರರವರೆಗಿನವರು ಅರಚುತ್ತಾರೆ. ಅವರನ್ನು ಕೇಳಿದ ದಿನ ತಲೆನೋವು ಬರುತ್ತದೆ. ಇವನು ಅರಚುವುದಿಲ್ಲ. ಶುರುವಿಗೆ, "ಎಲ್ಲರದ್ದೂ ಊಟ ಆಯ್ತಾ? ನಿಂತಿರೋರು ಕೂತ್ಕೊಳ್ಳಿ, ನಿಂತು ನಿಂತೇ ಸವೆದಿದ್ದೀರಿ" ಅಂತ ಕೇಳುತ್ತಾನೆ. ಜನ ನಗುತ್ತಾರೆ. ಹತ್ತು ನಿಮಿಷ ಹೀಗೇ ನಡೆದು, ಆಮೇಲೆ ಮೆಲ್ಲಗೆ ಹೊಳೆಯಾಚೆಯವರ ಮಾತಿಗೆ ಬರುತ್ತಾನೆ. ಅವರಿಗೆ ಮನೆ ಹೇಗೆ ಸಿಕ್ಕಿತು, ಕೆಲಸ ಹೇಗೆ ಸಿಕ್ಕಿತು, ನಿಮಗೆ ಯಾಕೆ ಸಿಗಲಿಲ್ಲ.

ಕಳ್ಳ. ಕಾಜಾ ಅಕ್ಕನಿಗೆ ಎರಡು ಕಿಟಕಿಯಿರುವ ಒಂದು ಕೋಣೆ ಸಿಕ್ಕಿದೆ, ಅದರಲ್ಲೊಂದು ಕಿಟಕಿ ತೆರೆಯುವುದಿಲ್ಲ.

ಫೆಬ್ರವರಿ ೨೦, ಗುರುವಾರ

ಕನ್ನಡಕದಣ್ಣ ನನ್ನ ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದ.

"ಇದೇನಮ್ಮ, ಸಾಲಿಗೊಂದು 'ಕೇಳಿಸಲಿಲ್ಲ'? ಪದಗಳನ್ನ ಕಂಪ್ಯೂಟರಿಗೆ ಹಾಕಿ ಎಣಿಸ್ಬೇಕು ನಾವು. ಅದು 'ಕೇಳಿಸಲಿಲ್ಲ' ಅನ್ನೋದನ್ನೇ ಎಣಿಸಿ ಕೊಡ್ತಿದೆ. ಏಳನೇ ನಂಬರು ಅತಿ ಹೆಚ್ಚು ಬಳಸೋ ಪದ ಅದೇ ಅಂತೆ!"

ಎಲ್ಲರೂ ನಕ್ಕರು. ಫ್ಯಾನಿನ ಸದ್ದು, ಬೈಕಿನ ಸದ್ದು, ಮಗು ಅಳುವುದು, ನಾನೇನು ಮಾಡಲಿ ಎನ್ನಬೇಕಿತ್ತು. ಹಾಳೆಗಳನ್ನು ಒಟ್ಟುಗೂಡಿಸಿದೆ. ಅವನು ಹೋದ ಮೇಲೆ ದೊಡ್ಡಮ್ಮ ಬಗ್ಗಿ ಹೇಳಿದರು.

"ಅರ್ಧ ಕೇಳಿಸಿದ್ರೆ ಪೂರ್ತಿ ಬರೀಬೇಕು. ನಾನು ಹತ್ತು ವರ್ಷದಿಂದ ಹಾಗೇ ಮಾಡೋದು. 'ನಮ್ಮ ಮಕ್ಕಳ ಭವಿ' ಅಂತ ಕೇಳಿಸಿತು, ಆಮೇಲೆ ಬೈಕು ಹೋಯ್ತು ಅಂತಿಟ್ಕೊ. ಭವಿಷ್ಯ ಅಲ್ದೆ ಇನ್ನೇನು, ಭವಿಗೆ ಬೇರೆ ಬಾಲ ಉಂಟಾ?"

ಅದೂ ಸರಿಯೇ.

ಮಾರ್ಚ್ ೪, ಮಂಗಳವಾರ

ಬಸ್ಸಿನಲ್ಲಿ ನಿಂತೇ ಬಂದೆ. ಮೆಟ್ಟಿಲು ಹತ್ತುವಾಗಲೇ ಅಮ್ಮನ ನಗು ಕೇಳಿಸಿತು. ಕಾಜಾ ಅಕ್ಕ ಅಮ್ಮನ ಮಂಚದ ಅಂಚಿನಲ್ಲಿ ಕೂತು ಗುಂಡಿ ಹಾಕುತ್ತ ಏನೋ ಹೇಳುತ್ತಿದ್ದರು. ನಾನು ಒಳಗೆ ಬಂದಾಗ ಇಬ್ಬರೂ ನಿಲ್ಲಿಸಿದರು.

"ಏನು ತಮಾಷೆ?" ಅಂದೆ.

"ಏನಿಲ್ಲ ಬಿಡೆ, ಮುದುಕಿಯರ ಮಾತು."

ಸಂಜೆ ಗಂಜಿ ಕುಡಿಸಲು ಹೋದರೆ ಅಮ್ಮ ಬಾಯಿ ಬಿಗಿದಳು. ಹೊಟ್ಟೆ ತುಂಬಿದೆ ಎಂದು ಸನ್ನೆ ಮಾಡಿದಳು. ಮಧ್ಯಾಹ್ನ ಬೇಯಿಸಿದ ಮೊಟ್ಟೆ, ಹಣ್ಣು, ಎರಡು ಬಟ್ಟಲು ಅನ್ನ ತಿಂದಿದ್ದಾಳಂತೆ. ನನ್ನ ಕೈಯಲ್ಲಿ ಅರ್ಧ ಬಟ್ಟಲು ದಾಟಿದ್ದನ್ನು ನಾನು ಕಂಡಿಲ್ಲ. ಒಳ್ಳೆಯದೇ ಆಯಿತು. ತಿಂದರೆ ಸಾಕು.

ಕಾಲು ನೋಯುತ್ತಿದೆ.

ಮಾರ್ಚ್ ೧೩, ಗುರುವಾರ

ಇವತ್ತಿನ ಭಾಷಣದಲ್ಲಿ ಏಳನೇ ನಂಬರಿನವರು ಹೇಳಿದ್ದು: "ನೀವು ಸುಸ್ತಾಗಿದ್ದೀರಿ. ನಿಮ್ಮನ್ನ ಸುಸ್ತಾಯ್ತಾ ಅಂತ ಯಾರಾದ್ರೂ ಕೇಳಿದ್ದಾರಾ? ನಾನು ಕೇಳ್ತಿದ್ದೀನಿ." ಅಲ್ಲಿ ಜನ ಸುಮ್ಮನಾದರು. ಹದಿನೊಂದು ಸೆಕೆಂಡು. ನಾನೂ ಪೆಡಲಿನಿಂದ ಕಾಲು ತೆಗೆದೆ, ಯಾಕೆಂದು ಗೊತ್ತಿಲ್ಲ. ಮತ್ತೆ ಹಿಂದೆ ಹೋಗಿ ಕೇಳಬೇಕಾಯಿತು. ಮೂರು ಸಲ ಕೇಳಿದೆ.

ಗುರುವಾರದವರು ಒಳಕೋಣೆಯಲ್ಲಿದ್ದರು.

ಮಾರ್ಚ್ ೨೦, ಗುರುವಾರ

ಈಗ ನನ್ನ ಹಾಳೆಯಲ್ಲಿ "ಕೇಳಿಸಲಿಲ್ಲ" ಬಹಳ ಕಡಿಮೆ. ಕನ್ನಡಕದಣ್ಣ "ಪರವಾಗಿಲ್ವೇ, ಕಿವಿ ತೆರೀತು!" ಅಂದ. ಕಿವಿ ಮೊದಲೂ ತೆರೆದೇ ಇತ್ತು. ಏಳನೇ ನಂಬರಿನವರು ಮುಂದೆ ಏನು ಹೇಳುತ್ತಾರೆಂದು ಈಗ ಮೊದಲೇ ಗೊತ್ತಾಗುತ್ತದೆ. ಪಕ್ಕದಲ್ಲೇ ಕೂತು ಹೇಳಿದ ಹಾಗೆ. ಬೈಕಿನ ಸದ್ದಿನ ಕೆಳಗಿರುವ ಮಾತೂ ತಾನಾಗಿ ಬರುತ್ತದೆ.

ಮಾರ್ಚ್ ೨೫, ಮಂಗಳವಾರ

ಅಮ್ಮನ ಹಿತ್ತಾಳೆ ಚಮಚ ಕಾಣಿಸುತ್ತಿಲ್ಲ. ಎಲ್ಲ ಕಡೆ ಹುಡುಕಿದೆ. ಮನೆಗೆ ಬರುವವರು ಯಾರು? ನಾನು, ಮತ್ತು ಎದುರುಮನೆಯವರು.

ಕೇಳಲಿಲ್ಲ. ಕೇಳಿದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂಬಂತೆ ಅವರ ಮುಖದಲ್ಲಿ ಗೊತ್ತಾಗುತ್ತಿತ್ತೇನೋ.

ಮಾರ್ಚ್ ೨೬, ಬುಧವಾರ

ಚಮಚ ಅಮ್ಮನ ದಿಂಬಿನ ಕೆಳಗಿತ್ತು. ಅಲ್ಲಿ ಯಾರು ಇಟ್ಟರು?

ಮಾರ್ಚ್ ೨೮, ಶುಕ್ರವಾರ

ಏಳನೇ ನಂಬರಿನವರ ಮೂವತ್ತೊಂದನೇ ಭಾಷಣ. ಕೊನೆಯಲ್ಲಿ ಯಾರೋ ಕುರ್ಚಿ ಎಳೆದಾಡಿದ್ದಾರೆ, ಒಬ್ಬರು ಕೆಮ್ಮಿದ್ದಾರೆ, ಸುಮಾರು ಅರ್ಧ ನಿಮಿಷ ಮಾತು ಮುಳುಗಿಹೋಗಿದೆ. "ಅವರು ಬಾಗಿಲು" ಎಂದು ಕೇಳಿಸುತ್ತದೆ, ಅಷ್ಟೇ. ಅರ್ಧ ನಿಮಿಷಕ್ಕೆ "ಕೇಳಿಸಲಿಲ್ಲ" ಎಂದು ಬರೆದರೆ ಮತ್ತೆ ಎಲ್ಲರೆದುರು ನಗುತ್ತಾರೆ. ಕಣ್ಣು ಮುಚ್ಚಿ ಕೂತೆ. ಆಮೇಲೆ ಬೆರಳು ತಾನಾಗಿ ಓಡಿತು:

"ಅವರು ಬಾಗಿಲು ಒಡೆದು ಬರುವುದಿಲ್ಲ. ಬೀಗದ ಕೈಯನ್ನು ನಾವೇ ಕೊಟ್ಟಿರುತ್ತೇವೆ. ಮೊದಲು ಅಡುಗೆಮನೆಗೆ ಬರುತ್ತಾರೆ, ಆಮೇಲೆ ತಾಯಿಯ ಮಂಚಕ್ಕೆ. ಒಂದು ದಿನ ತಾಯಿ ನಿನ್ನ ಕೈಯ ತುತ್ತಿಗೆ ಬಾಯಿ ತೆರೆಯುವುದಿಲ್ಲ. ಆಗ ನಿನಗೆ ಗೊತ್ತಾಗುತ್ತದೆ, ಮನೆ ಯಾವತ್ತೋ ಹೋಗಿದೆ ಎಂದು."

ಅವರು ಇದನ್ನೇ ಹೇಳಿರಬೇಕು. ಓದಿದಾಗ ಮೈ ಜುಮ್ಮೆಂದಿತು. ಎಷ್ಟೋ ದಿನದ ಮೇಲೆ ಸುಸ್ತು ಕಡಿಮೆ ಇತ್ತು.

ಏಪ್ರಿಲ್ ೩೦, ಬುಧವಾರ

ಒಂದು ತಿಂಗಳು ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತು ಬೀಗದ ಕೈ ವಾಪಸ್ಸು ತೆಗೆದುಕೊಂಡೆ.

ಅವಳು ಬಾಗಿಲಲ್ಲೇ ಕೂತು ಕಾಜಾ ಹೊಲಿಯುತ್ತಿದ್ದಳು. ನಾಳೆಯಿಂದ ಬರುವುದು ಬೇಡ ಎಂದೆ.

"ಯಾಕೆ? ಕೆಲಸ ಬಿಟ್ಯಾ?"

"ಇಲ್ಲ. ನಾನೇ ನೋಡ್ಕೋತೀನಿ."

"ಹನ್ನೆರಡು ಗಂಟೆಗೆ ಅಲ್ಲಿಂದ ಹಾರಿ ಬರ್ತೀಯಾ?"

"ಫ್ಲಾಸ್ಕಲ್ಲಿ ಗಂಜಿ ಇಟ್ಟು ಹೋಗ್ತೀನಿ. ಎಡಗೈ ಇದೆಯಲ್ಲ."

"ಏ ಹುಡುಗಿ, ನಾನೇನು ತಪ್ಪು ಮಾಡ್ದೆ, ಅದನ್ನಾದ್ರೂ ಹೇಳು."

ನಾನು ಬೀಗದ ಕೈಗೆಂದು ಅಂಗೈ ಚಾಚಿದೆ. ಅವಳು ಒಳಗೆ ಹೋಗಿ ಬೀಗದ ಕೈ ತಂದು ನನ್ನ ಅಂಗೈ ಮೇಲಿಟ್ಟಳು. ಕೈಗೆ ಕೈ ತಾಗದ ಹಾಗೆ ಇಟ್ಟಳು. ಆಚೆಯವರಿಗೆ ಅಹಂಕಾರ ಜಾಸ್ತಿ.

ಮೇ ೯, ಶುಕ್ರವಾರ

ಸಂಜೆ ಬಂದರೆ ಗಂಜಿ ಹಾಗೇ ಇರುತ್ತದೆ. ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಎಡಗೈಗೆ ಆಗುತ್ತಿಲ್ಲ. ಇವತ್ತಿನಿಂದ ಮುಚ್ಚಳ ಸಡಿಲ ಮಾಡಿಟ್ಟು ಹೋಗುತ್ತಿದ್ದೇನೆ.

ಅಮ್ಮ ನನ್ನ ಕಡೆ ನೋಡುತ್ತಾಳೆ, ಆಮೇಲೆ ಎದುರಿನ ಬಾಗಿಲ ಕಡೆ ನೋಡುತ್ತಾಳೆ.

ಮೇ ೧೫, ಗುರುವಾರ

ಮೇಡಂ ದೊಡ್ಡ ಸಮ್ಮೇಳನದಲ್ಲಿ ಪ್ರಬಂಧ ಓದಿ ಬಂದರು. ಪತ್ರಿಕೆಯಲ್ಲಿ ಬಂದಿದೆ. ದೊಡ್ಡಮ್ಮ ಪತ್ರಿಕೆ ತಂದು ತೋರಿಸಿದರು. ಮೇಡಂ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ: "ಅವರು ಬಾಗಿಲು ಒಡೆದು ಬರುವುದಿಲ್ಲ. ಬೀಗದ ಕೈಯನ್ನು ನಾವೇ ಕೊಟ್ಟಿರುತ್ತೇವೆ." ಉಳಿದ ಸಾಲುಗಳು ಸುದ್ದಿಯೊಳಗಿವೆ. ದ್ವೇಷ ಮನೆಯೊಳಗಿನ ಮಾತಿನಲ್ಲಿ ಹೇಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ ಎಂದು ಮೇಡಂ ಹೇಳಿದ್ದಾರೆ.

ಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ.

ಮೇ ೨೧, ಬುಧವಾರ

ಅಮ್ಮನ ಎದೆಯ ಮೇಲೆ ಗಂಜಿ ಚೆಲ್ಲಿ ಸುಟ್ಟಿದೆ. ಎದ್ದು ಒರೆಸಿಕೊಳ್ಳಲು ಹೋಗಿ ಮಂಚದಿಂದ ಕೆಳಗೆ ಬಿದ್ದಿದ್ದಾಳೆ. ನಾನು ಬಂದಾಗ ಐದೂವರೆ.

ಎದುರುಮನೆಯವಳು ನಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಬಾಗಿಲಿಗೆ ಬಾಯಿ ಹಚ್ಚಿ ಒಳಗಿದ್ದ ಅಮ್ಮನ ಜೊತೆ ಮಾತನಾಡುತ್ತಿದ್ದಳು. ಮಧ್ಯಾಹ್ನ ಬಿದ್ದ ಸದ್ದು ಕೇಳಿಸಿತಂತೆ. ಆಗಿನಿಂದ ಅಲ್ಲೇ.

"ಹನ್ನೊಂದು ಸಲ ಫೋನ್ ಮಾಡಿದೀನಿ ನಿಂಗೆ! ಎಲ್ಲಿಟ್ಟಿದ್ದೆ ಫೋನು?"

ಪೆಟ್ಟಿಗೆಯಲ್ಲಿತ್ತು. ಬರುವಾಗ ನೋಡದೆ ಚೀಲಕ್ಕೆ ಹಾಕಿಕೊಂಡಿದ್ದೆ. ಬೀಗದ ಕೈಗಾಗಿ ಚೀಲ ತಡಕಿದೆ.

"ಬೀಗ ಒಡೀಬೇಕಿತ್ತು" ಅಂದೆ.

ಅವಳು ನನ್ನ ಮುಖ ನೋಡಿದಳು. ಮಾತಿನಲ್ಲಿ ಆಚೆಯ ಎಳೆ ಎದ್ದು ಕೇಳಿಸುತ್ತಿತ್ತು. "ಒಡೀಬೇಕಿತ್ತಾ? ನಾನು? ನಿಮ್ಮ ಮನೆ ಬೀಗ? ಒಡೆದಿದ್ರೆ ಈಗ ಬಂದು ಏನಂತಿದ್ದೆ, ಹೇಳು ನೋಡೋಣ."

ಆಮೇಲೆ ಅಮ್ಮನನ್ನು ಇಬ್ಬರೂ ಎತ್ತಿದೆವು. ಆಸ್ಪತ್ರೆಗೆ ಒಯ್ದೆವು. ಅವಳು ಗಾಡಿಯಲ್ಲಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಮೇ ೨೨, ಗುರುವಾರ

ಗಾಯ ಆಳವಿಲ್ಲ, ಹತ್ತು ದಿನ ಪಟ್ಟಿ ಬದಲಿಸಬೇಕು. ರಜೆ ಹಾಕಿದ್ದೇನೆ. ಒಂದೇ ಯೋಚನೆ ಸುತ್ತುತ್ತಿದೆ. ಅಷ್ಟು ಹೊತ್ತು ನಮ್ಮ ಬಾಗಿಲ ಹೊರಗೆ ಕೂತು ಅವಳು ಅಮ್ಮನಿಗೆ ಏನು ಹೇಳಿಕೊಡುತ್ತಿದ್ದಳು?

ಅಮ್ಮನನ್ನು ಕೇಳಿದೆ. ಅಮ್ಮ ಮುಖವನ್ನು ಗೋಡೆ ಕಡೆ ತಿರುಗಿಸಿದಳು.

ಜೂನ್ ೩, ಮಂಗಳವಾರ

ಮೇಡಂ ಕರೆದರು. ಕನ್ನಡಕದಣ್ಣನೂ ಇದ್ದ. ಮುಂದಿನ ವಾರ ಮೇಡಂ ಉಪನ್ಯಾಸ ಕೊಡುವಾಗ ಆ ವಾಕ್ಯಗಳನ್ನು ಏಳನೇ ನಂಬರಿನ ಧ್ವನಿಯಲ್ಲೇ ಕೇಳಿಸೋಣವೆಂದು ಅವನು ಹುಡುಕಿದನಂತೆ. ಹೆಡ್‌ಫೋನ್ ನನ್ನ ಕಡೆ ದೂಡಿದ.

"ಎಲ್ಲಿದೆ ತೋರಿಸು."

ಕೇಳಿದೆ. ಕುರ್ಚಿ, ಕೆಮ್ಮು. "ಅವರು ಬಾಗಿಲು." ಮತ್ತೆ ಕುರ್ಚಿ. ಅದರ ಕೆಳಗೆ ಮಾತಿದೆ, ಆದರೆ ಈಗ ಹೆಡ್‌ಫೋನನ್ನು ಎಷ್ಟು ಒತ್ತಿ ಹಿಡಿದರೂ ನನಗೂ ಸಿಗಲಿಲ್ಲ.

"ಸದ್ದು ತೆಗೆಸಿ ಕೇಳ್ದೆ," ಅಂದ ಅವನು. "'ಅವರು ಬಾಗಿಲು ಹಾಕೋಕೆ ಹೇಳ್ತಿದ್ದಾರೆ, ಹೊತ್ತಾಯ್ತು, ಎಲ್ಲರೂ ಹುಷಾರಾಗಿ ಮನೆಗೆ ಹೋಗಿ.' ಸಭಾಂಗಣದ ಕಾವಲುಗಾರನ ಬಗ್ಗೆ ಹೇಳ್ತಿದ್ದಾನೆ, ಅಷ್ಟೇ."

ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ.

"ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದೀನಿ. ಇಂಥ ಐದು ವಾಕ್ಯ ಅವನಿಗೆ ಬರಲ್ಲ. ನನಗೇ ಅನುಮಾನ ಬರಬೇಕಿತ್ತು. ಯಾರಮ್ಮ ಅದು? ಯಾರಿಗೆ ಕೊಟ್ಟಿದ್ದೆ ಬೀಗದ ಕೈ?"

ಹೇಳಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ಮೇಡಂ, ಇವಳನ್ನೇ ಸಂದರ್ಶನ ಮಾಡ್ಬೋದು," ಅಂದ ಕನ್ನಡಕದಣ್ಣ. ಅವನ ಮುಖ ಅರಳಿತ್ತು. "ಕೇಳ್ತಾ ಕೇಳ್ತಾ ಬದಲಾದವರು ನಮಗೆ ಎಲ್ಲಿ ಸಿಗ್ತಾರೆ? ಒಂದು ನಂಬರು ಕೊಟ್ಟು..."

"ನೀನು ಹೊರಗೆ ಹೋಗು" ಅಂದರು ಮೇಡಂ. ನಾನು ಎದ್ದೆ. "ನೀನಲ್ಲ. ಅವನು."

ಅವನು ಹೋದ ಮೇಲೆ ಮೇಡಂ ಎದ್ದು ಬಾಗಿಲು ಹಾಕಿದರು. "ಗುರುವಾರ ನಿಮ್ಮಿಬ್ಬರನ್ನ ನಾನು ಒಂದು ದಿನವೂ ಒಳಗೆ ಕರೀಲಿಲ್ಲ" ಅಂದರು. ಆಮೇಲೆ, ನಾನು ಟೈಪ್ ಮಾಡಿದ್ದನ್ನೆಲ್ಲ ಬೇರೆಯವರು ಮೊದಲಿಂದ ಕೇಳಬೇಕಾಗುತ್ತದೆ, ಪ್ರಬಂಧ ವಾಪಸ್ಸು ತೆಗೆದುಕೊಳ್ಳಬೇಕಾಗುತ್ತದೆ, ನನ್ನನ್ನು ಇಟ್ಟುಕೊಳ್ಳುವುದು ತಮ್ಮ ಕೈಯಲ್ಲಿಲ್ಲ ಎಂದರು. ಡಾಕ್ಟರ ನಂಬರು ಬರೆದ ಚೀಟಿ ಕೊಟ್ಟರು.

ಪೆಟ್ಟಿಗೆಯಿಂದ ಫೋನು ತೆಗೆದುಕೊಂಡು ಮೆಟ್ಟಿಲಿಳಿದೆ. ಲಿಫ್ಟ್ ಸರಿಯಾಗಿತ್ತು, ನಾನು ಗಮನಿಸಿರಲಿಲ್ಲ.

ಜೂನ್ ೧೦, ಮಂಗಳವಾರ

ಮನೆಯಲ್ಲೇ ಇದ್ದೇನೆ. ಮೂರು ಹೊತ್ತೂ ನಾನೇ ತಿನ್ನಿಸುತ್ತೇನೆ. ನಾಲ್ಕು ತುತ್ತಿಗೆ ನಿಲ್ಲಿಸುತ್ತಾಳೆ. ಕೈಗೆ ಸಿಗುವ ಮೂಳೆ ದಿನದಿನಕ್ಕೆ ಜಾಸ್ತಿಯಾಗುತ್ತಿದೆ. ಆಸ್ಪತ್ರೆಯ ನರ್ಸು, "ಹೀಗೇ ಬಿಟ್ರೆ ಮೂಗಿಗೆ ಕೊಳವೆ ಹಾಕ್ಬೇಕಾಗತ್ತೆ, ಯಾರ ಕೈಯಲ್ಲಾದ್ರೂ ಸರಿ, ತಿನ್ನಿಸಿ" ಅಂದಳು.

ಜೂನ್ ೧೬, ಸೋಮವಾರ

ದೊಡ್ಡಮ್ಮ ಫೋನ್ ಮಾಡಿದರು. ಧ್ವನಿ ತಗ್ಗಿಸಿ ಮಾತನಾಡುತ್ತಿದ್ದರು. ಪೆಟ್ಟಿಗೆಗೆ ಹಾಕುವ ಮೊದಲು ಮೆಟ್ಟಿಲ ಬಳಿಯಿಂದ ಮಾಡಿದ್ದಿರಬೇಕು.

"ಏಳನೇ ನಂಬರಿನ ಹೊಸ ಭಾಷಣ ಬಂತು ಕಣೆ. ಹೋದ ವಾರದ್ದು. ನಾನೇ ಟೈಪ್ ಮಾಡ್ದೆ."

"ಹ್ಞೂಂ."

"ಪೇಪರಲ್ಲಿ ಓದಿದಾನೆ ಅನ್ಸತ್ತೆ. ನೀನು ಬರೆದಿದ್ದೆಯಲ್ಲ, ಬೀಗದ ಕೈದು, ಅದನ್ನ ಹಾಗೇ ಹೇಳ್ತಾನೆ. ಒಂದಕ್ಷರ ಬಿಟ್ಟಿಲ್ಲ. ಈ ಸಲ ಕುರ್ಚಿ ಇಲ್ಲ, ಕೆಮ್ಮಿಲ್ಲ, ಗಂಟೆ ಹೊಡೆದ ಹಾಗೆ ಕೇಳಿಸತ್ತೆ."

"ಜನ?"

"ಚಪ್ಪಾಳೆ. ಎಷ್ಟು ಹೊತ್ತು ಅಂತ ಬರೀಬೇಕಲ್ಲ ನಾವು. ನಲವತ್ತಾರು ಸೆಕೆಂಡು." ಆಮೇಲೆ, "ಊಟ ಮಾಡು, ಆಯ್ತಾ?" ಎಂದು ಇಟ್ಟರು.

ಚೀಲದಲ್ಲಿದ್ದ ಪತ್ರಿಕೆ ತೆಗೆದು ಓದಿದೆ. ಈಗಲೂ ಚೆನ್ನಾಗಿತ್ತು. ಹರಿದು ಒಲೆಗೆ ಹಾಕಿದೆ.

ಜೂನ್ ೧೮, ಬುಧವಾರ

ಬೆಳಿಗ್ಗೆ ಅಮ್ಮ ಒಂದು ತುತ್ತನ್ನೂ ನುಂಗಲಿಲ್ಲ. ಎಡಗೈ ಎತ್ತಿ ಎದುರಿನ ಬಾಗಿಲು ತೋರಿಸಿದಳು. ಕೈ ಕೆಳಗಿಳಿಸಲೇ ಇಲ್ಲ.

ಹೋಗಿ ತೆರೆದಿದ್ದ ಬಾಗಿಲು ತಟ್ಟಿದೆ. ಕಾಜಾ ಅಕ್ಕ ಕಿಟಕಿಯ ಬಳಿ ಶರಟುಗಳ ರಾಶಿಯ ಮಧ್ಯೆ ಕೂತಿದ್ದರು. ತಲೆಯೆತ್ತಿ ನೋಡಿ ಮತ್ತೆ ಸೂಜಿಗೆ ಬಗ್ಗಿದರು. ರಾಶಿ ಮೊದಲಿಗಿಂತ ಚಿಕ್ಕದಾಗಿತ್ತು.

"ಅಮ್ಮ ತಿಂತಿಲ್ಲ" ಅಂದೆ.

"ಗೊತ್ತು. ಗೋಡೆ ತೆಳ್ಳಗಿದೆ."

"ನೀವು ಬರ್ಬೇಕು."

ಸೂಜಿ ನಡೆಯುತ್ತಲೇ ಇತ್ತು. "ಅವತ್ತು ಕೇಳ್ದೆ, ಏನು ತಪ್ಪು ಮಾಡ್ದೆ ಅಂತ. ಇವತ್ತೂ ಅದೇ ಕೇಳ್ತಿದ್ದೀನಿ. ಅದನ್ನ ಹೇಳಿದ್ರೆ ಆಮೇಲೆ ಬರೋ ಮಾತು."

ನಿಂತುಕೊಂಡೇ ಹೇಳಿದೆ. ನನ್ನ ಜನ್ಮದಲ್ಲಿ ಯಾರೆದುರೂ ಅಷ್ಟು ಹೊತ್ತು ಮಾತನಾಡಿರಲಿಲ್ಲ. ಹೆಡ್‌ಫೋನು, ಏಳನೇ ನಂಬರು, ಕುರ್ಚಿಯ ಸದ್ದು, ನಾನು ಬರೆದದ್ದು.

"ಏನು ಬರೆದೆ?"

"ಬೇಡ ಅಕ್ಕಾ."

"ಹೇಳೇ."

ಹೇಳಿದೆ. "ಅವರು ಬಾಗಿಲು ಒಡೆದು ಬರುವುದಿಲ್ಲ" ಎನ್ನುವಾಗಲೇ ಸೂಜಿ ನಿಂತಿತು. ಕೊನೆಯವರೆಗೂ ಹೇಳಿಸಿದರು. ಆಮೇಲೆ ಶರಟನ್ನು ತೊಡೆಯ ಮೇಲೆ ಮಡಚಿಟ್ಟರು.

"ಈ ಮಾತು ನಾನು ಕೇಳಿದ್ದೀನಿ. ಮೊನ್ನೆ ದರ್ಜಿ ಅಂಗಡೀಲಿ ಶರಟು ಕೊಡೋಕೆ ಹೋಗಿದ್ದೆ. ಗಿರಾಕಿ ಒಬ್ಬ ನನ್ನ ನೋಡ್ಕೊಂಡೇ ಹೇಳ್ದ, ಪದ್ಯ ಹೇಳ್ದ ಹಾಗೆ. ದರ್ಜಿ ತಲೆ ತಗ್ಗಿಸ್ಕೊಂಡ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಕಾಜಾ ಹಾಕ್ತಿದ್ದೀನಿ. ನಿನ್ನೆಯಿಂದ ಅವನ ಶರಟು ಬಂದಿಲ್ಲ." ನನ್ನ ಮುಖ ನೋಡಿದರು. "ಯಾವನೋ ದೊಡ್ಡ ಮನುಷ್ಯ ಕೂತು ಬರೆದದ್ದು ಅಂದ್ಕೊಂಡಿದ್ದೆ. ಎದುರುಮನೆ ಮೌನಗೌರಿ ಅಂತ ನನಗೆಲ್ಲಿ ಗೊತ್ತು."

ನಾನು ಅಳಲಿಲ್ಲ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ಸುಸ್ತಾಗಿತ್ತು.

"ನಿಮ್ಮಮ್ಮ ಅವತ್ತು ನೆಲದ ಮೇಲೆ ಬಿದ್ಕೊಂಡು ನನ್ನ ಹತ್ರ ಏನು ಹೇಳ್ತಿದ್ರು ಗೊತ್ತಾ? ಮಗಳಿಗೆ ಬೈಬೇಡ, ಅವಳಿಗೆ ಸುಸ್ತು, ಅಂತ. ಅಷ್ಟು ಹೊತ್ತೂ ಅದೊಂದೇ."

ಹೊರಗೆ ಯಾರೋ ಮೆಟ್ಟಿಲಿಳಿದು ಹೋದರು. ಕಾಜಾ ಅಕ್ಕ ಎದ್ದು ಕೈ ತೊಳೆದುಕೊಂಡರು. ಒಮ್ಮೆ ತೊಳೆದರು, ಸಾಬೂನು ಹಚ್ಚಿದರೋ ಇಲ್ಲವೋ ಎಂದು ನಾನು ನೋಡುತ್ತ ನಿಂತಿದ್ದೆ.

"ಬರ್ತೀನಿ," ಅಂದರು, ನನ್ನ ಕಡೆ ತಿರುಗದೆ. "ನಿಮ್ಮಮ್ಮನಿಗೋಸ್ಕರ. ದಿನಾ ಹನ್ನೆರಡಕ್ಕೆ ಬಂದು ಎರಡಕ್ಕೆ ಹೋಗ್ತೀನಿ. ಬಾಗಿಲು ಬರೀ ಚಿಲಕ ಹಾಕಿಡು, ನನಗೆ ನಿನ್ನ ಬೀಗದ ಕೈ ಬೇಡ. ಆದ್ರೆ ಆ ಹೊತ್ತಲ್ಲಿ ನೀನು ಮನೇಲಿರಬಾರದು. ನಿನ್ನೆದುರು ತುತ್ತು ಕೊಡೋಕೆ ನನ್ನ ಕೈಲಾಗಲ್ಲ. ಎಷ್ಟು ದಿನ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಹ್ಞೂಂ ಅಂದೆ.

ಇವತ್ತೇ ಬಂದರು. ನಾನು ಹನ್ನೆರಡಕ್ಕೆ ಐದು ನಿಮಿಷವಿರುವಾಗ ಚಪ್ಪಲಿ ಹಾಕಿಕೊಂಡು ಇಳಿದೆ. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತೆ. ನಾಲ್ಕು ಬಸ್ಸು ಬಂದವು, ಒಬ್ಬ ಕಂಡಕ್ಟರು "ಹತ್ತಮ್ಮ" ಎಂದು ಕೂಗಿದ, ಇಲ್ಲವೆಂದು ತಲೆ ಆಡಿಸಿದೆ. ಎರಡು ಗಂಟೆ ಬಹಳ ಉದ್ದ. ಮನೆಗೆ ಬಂದಾಗ ಬಟ್ಟಲು ತೊಳೆದು ಬೋರಲು ಹಾಕಿತ್ತು. ಅಮ್ಮ ನಿದ್ದೆ ಹೋಗಿದ್ದಳು.

ನಾಳೆಯೂ ಹನ್ನೆರಡರೊಳಗೆ ಹೊರಡಬೇಕು. 'ಕೆಲಸಕ್ಕೆ ಹೋಗಿ ಬರ್ತೀನಿ' ಎಂದು ಅಮ್ಮನಿಗೆ ಹೇಳಿದ್ದೇನೆ.